ಕ್ರೈಸ್ತ ಆಧಿಪತ್ಯವಾದ ಮತ್ತು ಕಾಸರಗೋಡು ಜಿಲ್ಲೆಯ ಧರ್ಮಸಭಾ ರಾಜಕೀಯ

ಕ್ರೈಸ್ತ ಆಧಿಪತ್ಯವಾದವೆಂದರೆ ಕಾನೂನು, ಆಡಳಿತ, ಶಿಕ್ಷಣ, ಕುಟುಂಬ, ಮಾಧ್ಯಮ ಮುಂತಾದ ಸಾರ್ವಜನಿಕ ಕ್ಷೇತ್ರಗಳೆಲ್ಲ ಬೈಬಲ್ಲಿನ ವಿಧಿಗಳಿಗೆ ಒಳಪಡಬೇಕು, ಅವುಗಳ ಚುಕ್ಕಾಣಿ ಕ್ರೈಸ್ತರ ಕೈಯಲ್ಲಿರಬೇಕು ಎಂದು ವಾದಿಸುವ ಪ್ರಾಟೆಸ್ಟಂಟ್ ಮೂಲದ ರಾಜಕೀಯ ಚಿಂತನೆ. ಇದು 20ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಕೇರಳದ ಉತ್ತರ ತುದಿಯ ಕಾಸರಗೋಡು ಜಿಲ್ಲೆಯಲ್ಲಿಯೂ ಕ್ರೈಸ್ತ ಧರ್ಮಸಭೆಗಳಿಗೆ ಗಣನೀಯ ರಾಜಕೀಯ ಪ್ರಭಾವವಿದೆ. ಆದರೆ ಆ ಪ್ರಭಾವ ಹುಟ್ಟಿದ್ದು ಈ ಚಿಂತನೆಯಿಂದಲ್ಲ. ಮಲೆನಾಡಿನ ಭೂಮಿ, ಅನುದಾನಿತ ಶಾಲೆ, ಬೆಳೆಯ ಬೆಲೆ, ಸಂವಿಧಾನ ಕೊಟ್ಟಿರುವ ಅಲ್ಪಸಂಖ್ಯಾತರ ಹಕ್ಕು ಇವುಗಳ ಸುತ್ತ ಅದು ಬೆಳೆದಿದೆ. ಎರಡನ್ನೂ ‘ಕ್ರೈಸ್ತ ರಾಜಕೀಯ’ ಎಂಬ ಒಂದೇ ಹೆಸರಿನಲ್ಲಿ ಕರೆಯುವ ರೂಢಿಯಿಂದ ಗೊಂದಲ ಉಂಟಾಗಿದೆ. ಈ ಲೇಖನದಲ್ಲಿ ಮೊದಲನೆಯದನ್ನು ಆಧಿಪತ್ಯವಾದ ಎಂದೂ ಎರಡನೆಯದನ್ನು ಧರ್ಮಸಭಾ ರಾಜಕೀಯ ಎಂದೂ ಕರೆಯಲಾಗಿದೆ.

ಆಧಿಪತ್ಯವಾದದ ಸ್ವರೂಪ

ಭೂಮಿಯನ್ನು ವಶಮಾಡಿಕೊಂಡು ಜೀವಿಗಳ ಮೇಲೆ ದೊರೆತನ ಮಾಡಿರಿ ಎಂದು ದೇವರು ಮೊದಲ ಮನುಷ್ಯರಿಗೆ ಹೇಳಿದ ಮಾತು ಆದಿಕಾಂಡದ ಮೊದಲ ಅಧ್ಯಾಯದ 28ನೆಯ ವಚನದಲ್ಲಿದೆ. ಆಧಿಪತ್ಯವಾದಿಗಳಿಗೆ ಇದೇ ಆಧಾರ. ಇದಕ್ಕೆ ಶಾಸ್ತ್ರದ ರೂಪ ಕೊಟ್ಟವರು ಆರ್. ಜೆ. ರಶ್ಡೂನಿ. 1965ರಲ್ಲಿ ಚಾಲ್ಸಿಡನ್ ಫೌಂಡೇಶನ್ ಸ್ಥಾಪಿಸಿದ ಅವರು, 1973ರಲ್ಲಿ ಪ್ರಕಟಿಸಿದ ಬೈಬಲ್ ಕಾನೂನಿನ ಬೃಹತ್ ಗ್ರಂಥದಲ್ಲಿ ಹಳೆಯ ಒಡಂಬಡಿಕೆಯ ದಂಡವಿಧಿಗಳು ಇಂದಿಗೂ ಜಾರಿಗೆ ಬರಬೇಕೆಂದು ವಾದಿಸಿದರು. ಇದು ಪುನಾರಚನಾವಾದ ಎಂಬ ಕಠಿಣ ಶಾಖೆ; ಅನುಯಾಯಿಗಳು ಕೆಲವರೇ.

ಜನಬಲ ಸಿಕ್ಕಿದ್ದು ಪೆಂತಕೋಸ್ತ್ ಧಾರೆಯ ಇನ್ನೊಂದು ಶಾಖೆಗೆ. ಸಮಾಜವನ್ನು ಧರ್ಮ, ಕುಟುಂಬ, ಶಿಕ್ಷಣ, ಸರಕಾರ, ಮಾಧ್ಯಮ, ಕಲೆ, ವ್ಯಾಪಾರ ಎಂಬ ಏಳು ‘ಪರ್ವತ’ಗಳಾಗಿ ವಿಂಗಡಿಸಿ ಪ್ರತಿಯೊಂದರ ಶಿಖರವನ್ನೂ ಕ್ರೈಸ್ತರು ಏರಬೇಕೆಂದು ಅದು ಬೋಧಿಸುತ್ತದೆ. ಸಮಾಜವನ್ನು ಏಳು ವಲಯಗಳಾಗಿ ಕಾಣುವ ಕಲ್ಪನೆಯನ್ನು 1975ರಲ್ಲಿ ಬಿಲ್ ಬ್ರೈಟ್ ಮತ್ತು ಲೋರೆನ್ ಕನಿಂಗ್‌ಹ್ಯಾಮ್ ಮುಂದಿಟ್ಟಿದ್ದರು. ಅದಕ್ಕೆ ರಾಜಕೀಯದ ಮೊನೆ ಬಂದದ್ದು 2000ದ ನಂತರ, ಲ್ಯಾನ್ಸ್ ವಾಲ್ನಾವ್, ಸಿ. ಪೀಟರ್ ವ್ಯಾಗ್ನರ್ ಮೊದಲಾದವರಿಂದ. ಈ ಸಾಲಿನ ಎಲ್ಲ ಚಿಂತನೆಗಳಿಗೂ ಆಧಿಪತ್ಯವಾದ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಸಮಾಜಶಾಸ್ತ್ರಜ್ಞೆ ಸಾರಾ ಡೈಮಂಡ್ ಅವರ ಬರಹಗಳಿಂದ. ಇದರ ಒಳಗಿನವರೆಂದು ಗುರುತಿಸಲಾದ ಹಲವರು ಈ ಹೆಸರನ್ನು ಒಪ್ಪುವುದಿಲ್ಲ.

ಕ್ಯಾಥೊಲಿಕ್ ಧರ್ಮಸಭೆಯ ಅಧಿಕೃತ ನಿಲುವು ಬೇರೆ. 1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಅಂಗೀಕರಿಸಿ, ನಂಬಿಕೆಯ ವಿಚಾರದಲ್ಲಿ ರಾಜ್ಯ ಯಾರ ಮೇಲೂ ಬಲಾತ್ಕಾರ ಮಾಡಕೂಡದೆಂದಿತು. ಪಾದ್ರಿಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗುವುದನ್ನೂ ಅಧಿಕಾರದ ಹುದ್ದೆ ಹಿಡಿಯುವುದನ್ನೂ ಧರ್ಮಸಭೆಯ ಕಾನೂನು ನಿರ್ಬಂಧಿಸುತ್ತದೆ. ಕಾಸರಗೋಡಿನ ಕ್ರೈಸ್ತರಲ್ಲಿ ದೊಡ್ಡ ಪಾಲು ಕ್ಯಾಥೊಲಿಕರದಾದ್ದರಿಂದ ಈ ವ್ಯತ್ಯಾಸ ಇಲ್ಲಿ ಮುಖ್ಯ.

ಜಿಲ್ಲೆ ಮತ್ತು ಜನಸಂಖ್ಯೆ

ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಪ್ರದೇಶ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 13,07,375. ಅದರಲ್ಲಿ ಹಿಂದೂಗಳು ಸುಮಾರು ಶೇ. 56, ಮುಸ್ಲಿಮರು ಶೇ. 37, ಕ್ರೈಸ್ತರು ಶೇ. 6.7, ಅಂದರೆ ಸುಮಾರು 87 ಸಾವಿರ. ಇಡೀ ಕೇರಳದಲ್ಲಿ ಕ್ರೈಸ್ತರ ಪಾಲು ಶೇ. 18.4. ಹಾಗಾಗಿ ಕೋಟ್ಟಯಂ ಅಥವಾ ಇಡುಕ್ಕಿಯ ಧರ್ಮಸಭೆಗಿರುವ ಬಲವನ್ನು ಇಲ್ಲಿಗೂ ಆರೋಪಿಸುವುದು ಸರಿಯಲ್ಲ.

ಈ 87 ಸಾವಿರ ಜನರೂ ಒಂದೇ ಸಮುದಾಯವಲ್ಲ. ಉತ್ತರದ ಮಂಜೇಶ್ವರ, ವರ್ಕಾಡಿ, ಕಯ್ಯಾರು, ಬೇಳ ಸುತ್ತಮುತ್ತ ಇರುವವರು ಕೊಂಕಣಿ ಮನೆಮಾತಿನ ರೋಮನ್ ಕ್ಯಾಥೊಲಿಕರು. ಶಾಲೆಯ ಭಾಷೆ ಕನ್ನಡ, ನೆರೆಹೊರೆಯ ಭಾಷೆ ತುಳು, ಪ್ರಾರ್ಥನಾ ಪುಸ್ತಕ ಕನ್ನಡ ಲಿಪಿಯ ಕೊಂಕಣಿ. ದಕ್ಷಿಣ-ಪೂರ್ವದ ಮಲೆಯಲ್ಲಿ, ಈಗಿನ ವೆಳ್ಳರಿಕುಂಡು ತಾಲೂಕಿನಲ್ಲಿ ಇರುವವರು ತಿರುವಿದಾಂಕೂರಿನಿಂದ ವಲಸೆ ಬಂದ, ಮಲಯಾಳ ಮಾತಾಡುವ ಸಿರಿಯನ್ ಕ್ರೈಸ್ತರು. ಇವರಲ್ಲಿ ಸಿರೋ-ಮಲಬಾರ್ ಕ್ಯಾಥೊಲಿಕರು ಪ್ರಮುಖರು. ಇವೆರಡರ ಜೊತೆಗೆ ಬಾಸೆಲ್ ಮಿಶನ್ನಿನ ಪರಂಪರೆಯ ದಕ್ಷಿಣ ಭಾರತ ಸಭೆಯವರು, ಮಲಂಕರ ಸಭೆಗಳವರು, ಪೆಂತಕೋಸ್ತ್ ಗುಂಪುಗಳವರು ಇದ್ದಾರೆ. ಉತ್ತರದ ಕೊಂಕಣಿ ಕ್ಯಾಥೊಲಿಕನಿಗೂ ಮಲೆಯ ಸಿರಿಯನ್ ರೈತನಿಗೂ ಆರಾಧನಾ ವಿಧಿ, ಭಾಷೆ, ಬಿಷಪ್ ಎಲ್ಲವೂ ಬೇರೆ ಬೇರೆ.

ಉಗಮ: ಉತ್ತರದ ನೆಲೆ

ಉತ್ತರದ ಕ್ಯಾಥೊಲಿಕರ ಚರಿತ್ರೆ ಮಂಗಳೂರಿನ ಚರಿತ್ರೆಯ ಮುಂದುವರಿಕೆ. ಗೋವೆಯಿಂದ ಕೆನರಾ ಕರಾವಳಿಗೆ ಬಂದ ಕುಟುಂಬಗಳು 1784ರಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ, 1799ರ ನಂತರ ಮರಳಿ ನೆಲೆನಿಂತವು. 1887ರಲ್ಲಿ ಮಂಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಬೇಳದ ವ್ಯಾಕುಲ ಮಾತೆಯ ಇಗರ್ಜಿ 1890ರದು. ಗಾಥಿಕ್ ಶೈಲಿಯ ಈ ಕಟ್ಟಡ ಜಿಲ್ಲೆಯ ಹೆಗ್ಗುರುತುಗಳಲ್ಲಿ ಒಂದು. 1956ರಲ್ಲಿ ರಾಜ್ಯದ ಗಡಿ ಬದಲಾದರೂ ಧರ್ಮಪ್ರಾಂತ್ಯದ ಗಡಿ ಬದಲಾಗಲಿಲ್ಲ. ಈ ಭಾಗದ ಇಗರ್ಜಿಗಳು ಇಂದಿಗೂ ಮಂಗಳೂರು ಬಿಷಪರ ಅಧೀನದಲ್ಲಿವೆ. ಇಲ್ಲಿನ ಕ್ಯಾಥೊಲಿಕರು ಮತ ಹಾಕುವುದು ಕೇರಳದಲ್ಲಿ, ಧರ್ಮಾಧಿಕಾರಿ ಇರುವುದು ಕರ್ನಾಟಕದಲ್ಲಿ. ಬಿಷಪರ ಹೇಳಿಕೆಗಳು ಸಹಜವಾಗಿ ಕರ್ನಾಟಕದ ಸರಕಾರವನ್ನು ಉದ್ದೇಶಿಸಿರುವುದರಿಂದ ತಿರುವನಂತಪುರದ ಲೆಕ್ಕಾಚಾರದಲ್ಲಿ ಈ ಸಮುದಾಯದ ದನಿ ಕ್ಷೀಣ.

ಪ್ರಾಟೆಸ್ಟಂಟರ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಕಾಸರಗೋಡಿನ ಬಿ.ಇ.ಎಂ. ಪ್ರೌಢಶಾಲೆ ಅದರ ಹೆಸರನ್ನು ಉಳಿಸಿಕೊಂಡಿದೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಮಿಶನ್ನಿನ ಇಲ್ಲಿನ ಪರಂಪರೆ ಅದರಲ್ಲಿ ಮುಂದುವರಿಯಿತು. ಶಿಕ್ಷಣ, ಮುದ್ರಣ, ನೇಯ್ಗೆ, ಹೆಂಚು ಇವು ಮಿಶನ್ನಿನ ಕೊಡುಗೆ. ಪಕ್ಷರಾಜಕೀಯದಲ್ಲಿ ಅದರ ವಾರಸುದಾರರ ಪಾತ್ರ ಅಲ್ಪ.

ಉಗಮ: ಮಲೆಯ ಕುಡಿಯೇಟ್ಟ

ಧರ್ಮಸಭಾ ರಾಜಕೀಯಕ್ಕೆ ನಿಜವಾದ ತಳಹದಿ ಹಾಕಿದ್ದು ಕುಡಿಯೇಟ್ಟ, ಅಂದರೆ ತಿರುವಿದಾಂಕೂರಿನ ರೈತರು ಮಲಬಾರು ಮತ್ತು ದಕ್ಷಿಣ ಕನ್ನಡದ ಮಲೆಗಳಿಗೆ ಬಂದ ವಲಸೆ. 1920ರ ದಶಕದಲ್ಲಿ ಆರಂಭವಾದ ಇದು ಎರಡನೆಯ ಮಹಾಯುದ್ಧದ ಕಾಲದ ಅಕ್ಕಿಯ ಅಭಾವದಿಂದ ತೀವ್ರವಾಯಿತು. ಮೀನಚ್ಚಿಲ್, ಕೋಟ್ಟಯಂ ಕಡೆಯ ಸಣ್ಣ ಹಿಡುವಳಿದಾರರು ಊರಿನ ತುಂಡುಭೂಮಿಯನ್ನು ಮಾರಿ, ಇಲ್ಲಿನ ಜನ್ಮಿಗಳಿಂದ, ಅಂದರೆ ಭೂಮಾಲಿಕರಿಂದ, ಎಕರೆಗಟ್ಟಲೆ ಕಾಡುಗುಡ್ಡ ಕೊಂಡರು. ಮರಗೆಣಸು, ಬೆಟ್ಟಭತ್ತ, ಮಜ್ಜಿಗೆಹುಲ್ಲು ಮೊದಲ ಬೆಳೆಗಳು. ಆಮೇಲೆ ಕರಿಮೆಣಸು, ರಬ್ಬರ್, ಗೇರು. ಮಲೇರಿಯಾ ಮತ್ತು ಕಾಡುಮೃಗಗಳಿಗೆ ಬಲಿಯಾದವರು ಅನೇಕರು.

ಹೆಚ್ಚಿನ ಕುಟುಂಬಗಳು ತಮ್ಮಷ್ಟಕ್ಕೆ ಬಂದವು. ಆದರೆ ರಾಜಪುರಂ ಧರ್ಮಸಭೆಯೇ ಯೋಜಿಸಿದ ವಸಾಹತು. ಕೋಟ್ಟಯಂ ಬಿಷಪ್ ಅಲೆಕ್ಸಾಂಡರ್ ಚೂಳಪರಂಬಿಲ್ ಅವರ ಕಾಲದಲ್ಲಿ, 1943ರಲ್ಲಿ, ಸಿರಿಯನ್ ಕ್ರೈಸ್ತರ ಒಂದು ಪಂಗಡವಾದ ಕ್ನಾನಾಯ ಕ್ಯಾಥೊಲಿಕ್ ಕುಟುಂಬಗಳು ಇಲ್ಲಿ ನೆಲೆಸಿದವು. ಅದೇ ವರ್ಷದ ಮಾರ್ಚ್ 29ರಂದು, ಇಂದು ಇದೇ ಜಿಲ್ಲೆಗೆ ಸೇರಿರುವ ಕಯ್ಯೂರಿನ ನಾಲ್ವರು ಕಮ್ಯುನಿಸ್ಟ್ ರೈತ ಹೋರಾಟಗಾರರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಕೆಳಗಿನ ಬಯಲಿನಲ್ಲಿ ಜನ್ಮಿಗೆ ಎದುರು ನಿಂತ ಗೇಣಿದಾರ, ಮೇಲಿನ ಮಲೆಯಲ್ಲಿ ಜನ್ಮಿಯಿಂದ ಭೂಮಿ ಕೊಂಡು ಒಡೆಯನಾದ ವಲಸಿಗ ರೈತ: ಮುಂದಿನ ದಶಕಗಳ ರಾಜಕೀಯದ ಎರಡು ತುದಿಗಳು ಹೀಗೆ ಒಂದೇ ಕಾಲದಲ್ಲಿ, ಅಕ್ಕಪಕ್ಕದಲ್ಲೇ ಮೂಡಿದವು.

ರಸ್ತೆ, ಶಾಲೆ, ಆಸ್ಪತ್ರೆ ಯಾವುದೂ ಇಲ್ಲದ ಮಲೆಯಲ್ಲಿ ಮೊದಲು ಎದ್ದದ್ದು ಇಗರ್ಜಿಯ ಚಪ್ಪರ. ಅದರ ಪಕ್ಕದಲ್ಲಿ ಶಾಲೆ, ಶಾಲೆಯ ಪಕ್ಕದಲ್ಲಿ ಪೇಟೆ. ಚಿಟ್ಟಾರಿಕ್ಕಲ್‌ನ ತೋಮಾಪುರಂ, ವೆಳ್ಳರಿಕುಂಡು, ಮಾಲೋಂ, ಪಾಣತ್ತೂರುಗಳು ಈ ಬಗೆಯಲ್ಲಿ ಬೆಳೆದ ಕುಡಿಯೇಟ್ಟದ ಊರುಗಳು. 1953ರ ಡಿಸೆಂಬರ್ ಕೊನೆಯಲ್ಲಿ ತಲಶ್ಶೇರಿ ಧರ್ಮಪ್ರಾಂತ್ಯ ರಚನೆಯಾಯಿತು. ಅದರ ಮೊದಲ ಬಿಷಪ್ ಸೆಬಾಸ್ಟ್ಯನ್ ವಳ್ಳೋಪಿಳ್ಳಿ 1989ರವರೆಗೆ ಆ ಸ್ಥಾನದಲ್ಲಿದ್ದರು. ರಸ್ತೆಗೆ, ಸೇತುವೆಗೆ, ಹಕ್ಕುಪತ್ರಕ್ಕೆ ಸರಕಾರದ ಬಾಗಿಲು ತಟ್ಟುವ ಕೆಲಸ ಬಿಷಪರದೂ ಪಾದ್ರಿಗಳದೂ ಆಯಿತು. ಪಾದ್ರಿಯ ಮಾತಿಗೆ ಮಲೆಯಲ್ಲಿ ತೂಕ ಬಂದದ್ದು ಈ ದಾರಿಯಿಂದ.

ಈ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ. ವಲಸಿಗರು ಬರುವ ಮೊದಲೇ ಈ ಮಲೆಗಳಲ್ಲಿ ಮಾವಿಲರು, ಮಲವೇಟ್ಟುವರು ಮೊದಲಾದ ಆದಿವಾಸಿಗಳು ಪುನಂ ಎಂಬ ಕುಮರಿ ಬೇಸಾಯ ಮಾಡಿಕೊಂಡಿದ್ದರು. ಜನ್ಮಿ ಮಾರಿದ ಭೂಮಿಯೇ ಅವರು ಬದುಕಿದ ನೆಲ. ಆದಿವಾಸಿಗಳಿಂದ ಕೈತಪ್ಪಿದ ಭೂಮಿಯನ್ನು ಮರಳಿಸಲು ಕೇರಳ 1975ರಲ್ಲಿ ಕಾನೂನು ಮಾಡಿತು. ವಲಸಿಗ ರೈತರ ಸಂಘಟಿತ ವಿರೋಧದಿಂದ ಅದರ ಜಾರಿ ವರ್ಷಗಟ್ಟಲೆ ನಿಂತು, 1999ರಲ್ಲಿ ಅದನ್ನು ಸಡಿಲಗೊಳಿಸಿದ ಹೊಸ ಕಾನೂನು ಬಂತು. ಕುಡಿಯೇಟ್ಟದ ಸಾಹಸವನ್ನು ಹೇಳುವ ಬರಹಗಳಲ್ಲಿ ಆದಿವಾಸಿಗಳಿಗೆ ಸಿಕ್ಕಿರುವ ಸ್ಥಳ ತೀರ ಕಡಿಮೆ. ಧರ್ಮಸಭೆಯ ರಾಜಕೀಯ ಬಲ ಯಾರ ಪರವಾಗಿ ಕೆಲಸ ಮಾಡಿತು ಎಂಬುದನ್ನು ಅಳೆಯುವಾಗ ಇದನ್ನು ಬಿಡುವಂತಿಲ್ಲ.

ವಿಮೋಚನಾ ಸಮರ

ಕೇರಳದಲ್ಲಿ ಧರ್ಮಸಭೆ ಸರಕಾರವೊಂದನ್ನು ನೇರವಾಗಿ ಎದುರಿಸಿದ ಅತಿ ದೊಡ್ಡ ಪ್ರಸಂಗಕ್ಕೆ ಈ ಜಿಲ್ಲೆಯೊಂದಿಗೆ ನಂಟಿದೆ. 1957ರ ಚುನಾವಣೆಯ ನಂತರ ಕಮ್ಯುನಿಸ್ಟ್ ಸರಕಾರದ ಮುಖ್ಯಮಂತ್ರಿಯಾದ ಇ. ಎಂ. ಎಸ್. ನಂಬೂದಿರಿಪಾಡ್ ಗೆದ್ದದ್ದು ನೀಲೇಶ್ವರ ಕ್ಷೇತ್ರದಿಂದ. ಅವರ ಸಂಪುಟದ ಶಿಕ್ಷಣ ಸಚಿವ, ಸ್ವತಃ ಕ್ಯಾಥೊಲಿಕರಾದ ಜೋಸೆಫ್ ಮುಂಡಶ್ಶೇರಿ, ಅದೇ ವರ್ಷ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಅನುದಾನಿತ ಶಾಲೆಯ ಶಿಕ್ಷಕರಿಗೆ ಸರಕಾರವೇ ಸಂಬಳ ಕೊಡುವುದು, ನೇಮಕಾತಿಯನ್ನು ಲೋಕಸೇವಾ ಆಯೋಗದ ಪಟ್ಟಿಯಿಂದ ಮಾಡುವುದು, ಸರಿಯಾಗಿ ನಡೆಯದ ಶಾಲೆಯನ್ನು ಸರಕಾರ ವಹಿಸಿಕೊಳ್ಳುವುದು ಅದರ ಮುಖ್ಯಾಂಶಗಳು. ಶಾಲೆ ಧರ್ಮಸಭೆಯ ಬೆನ್ನೆಲುಬಾಗಿದ್ದರಿಂದ ಬಿಷಪರು ಉಗ್ರವಾಗಿ ವಿರೋಧಿಸಿದರು. ರಾಷ್ಟ್ರಪತಿ ಮಸೂದೆಯನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದರು. 1958ರ ಮೇ 22ರಂದು ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರ ಪೀಠ, ಅಲ್ಪಸಂಖ್ಯಾತರ ಶಾಲೆಗಳನ್ನು ಸರಕಾರ ವಹಿಸಿಕೊಳ್ಳುವ ವಿಧಿಗಳು, ಅವರಿಗೆ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕು ಕೊಡುವ ಸಂವಿಧಾನದ 30(1)ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ಹೇಳಿತು. ತಿದ್ದುಪಡಿಯಾದ ಮಸೂದೆಗೆ 1959ರ ಫೆಬ್ರವರಿಯಲ್ಲಿ ಅಂಕಿತ ಬಿತ್ತು.

ಆ ಹೊತ್ತಿಗೆ ವಿರೋಧ ಬೀದಿಗಿಳಿದಿತ್ತು. ನಾಯರ್ ಸರ್ವೀಸ್ ಸೊಸೈಟಿಯ ಮನ್ನತ್ತು ಪದ್ಮನಾಭನ್ ಅವರ ನೇತೃತ್ವದಲ್ಲಿ ಕ್ಯಾಥೊಲಿಕ್ ಧರ್ಮಸಭೆ, ಕಾಂಗ್ರೆಸ್, ಮುಸ್ಲಿಂ ಲೀಗ್ ಒಂದಾಗಿ 1959ರ ಜೂನ್ 12ರಿಂದ ವಿಮೋಚನಾ ಸಮರ ನಡೆಸಿದವು. ಮರುದಿನ ಅಂಗಮಾಲಿಯಲ್ಲಿ ಪೊಲೀಸರ ಗುಂಡಿಗೆ ಏಳು ಮಂದಿ ಬಲಿಯಾದರು. ಜುಲೈ 31ರಂದು ಕೇಂದ್ರ ಸರಕಾರ ಮಂತ್ರಿಮಂಡಲವನ್ನು ವಜಾಗೊಳಿಸಿತು. ಕ್ರೈಸ್ತ ಆಳ್ವಿಕೆ ಸ್ಥಾಪಿಸಬೇಕೆಂಬುದು ಈ ಸಮರದ ಬೇಡಿಕೆಯಾಗಿರಲಿಲ್ಲ. ಹಿಂದೂ ಮತ್ತು ಮುಸ್ಲಿಂ ಸಂಘಟನೆಗಳೂ ಪಾಲ್ಗೊಂಡಿದ್ದ ಈ ಹೋರಾಟದ ತಿರುಳು ಶಿಕ್ಷಣ ಮಸೂದೆ ಮತ್ತು ಸರಕಾರದ ಭೂಸುಧಾರಣೆ ಎತ್ತಿದ, ಶಾಲೆ ಯಾರದ್ದು, ಭೂಮಿ ಯಾರದ್ದು ಎಂಬ ಪ್ರಶ್ನೆ. ಆದರೆ ಜನರು ಆರಿಸಿದ ಸರಕಾರವೊಂದು ಅವಧಿಗೆ ಮೊದಲೇ ಉರುಳಲು ಧರ್ಮಪೀಠದ ಕರೆ ಕಾರಣಗಳಲ್ಲೊಂದಾಯಿತು ಎಂಬ ಅಂಶವನ್ನು ಹಗುರಗೊಳಿಸಲಾಗದು.

ಸಮರದ ಹೋರಾಟಗಾರರಲ್ಲೊಬ್ಬರಾದ ಪಾದ್ರಿ ಜೋಸೆಫ್ ವಡಕ್ಕನ್ ಮುಂದೆ ಕುಡಿಯೇಟ್ಟದ ರೈತರ ಪರ ನಿಂತು ಕರ್ಷಕ ತೊಳಿಲಾಳಿ ಪಕ್ಷ ಕಟ್ಟಿದರು. ಅದು 1967ರಲ್ಲಿ ಇ. ಎಂ. ಎಸ್. ಅವರದೇ ಸಪ್ತಪಕ್ಷ ಸರಕಾರಕ್ಕೆ ಸೇರಿತು.

ಸಂಘಟನೆಯ ರಚನೆ

ಮಲೆಯ ಸಿರೋ-ಮಲಬಾರ್ ಕ್ಯಾಥೊಲಿಕರು ತಲಶ್ಶೇರಿ ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು; 1995ರಲ್ಲಿ ಅದು ಈ ಪದವಿಗೇರಿತು. ಕ್ನಾನಾಯರು ಕೋಟ್ಟಯಂ ಮಹಾಧರ್ಮಪ್ರಾಂತ್ಯದ ಅಧೀನದಲ್ಲಿದ್ದಾರೆ. ದಕ್ಷಿಣ ಭಾಗದ ಲ್ಯಾಟಿನ್ ಕ್ಯಾಥೊಲಿಕರು 1998ರಲ್ಲಿ ರಚನೆಯಾದ ಕಣ್ಣೂರು ಧರ್ಮಪ್ರಾಂತ್ಯಕ್ಕೂ ಉತ್ತರದವರು ಮಂಗಳೂರಿಗೂ ಸೇರುತ್ತಾರೆ. ಇಡೀ ರಾಜ್ಯದ ಮಟ್ಟದಲ್ಲಿ ಕೇರಳ ಕ್ಯಾಥೊಲಿಕ್ ಬಿಷಪರ ಮಂಡಳಿ ನಿಲುವು ಪ್ರಕಟಿಸುತ್ತದೆ.

ಬಿಷಪರು ಭಾನುವಾರದ ಪೂಜೆಯಲ್ಲಿ ಓದಲು ಕಳಿಸುವ ಪತ್ರಕ್ಕೆ ಮಲೆಯಲ್ಲಿ ಇಡಯಲೇಖನ ಎನ್ನುತ್ತಾರೆ. ಶಿಕ್ಷಣ, ಮದ್ಯನೀತಿ, ಚುನಾವಣೆಗಳ ಬಗೆಗೆ ಧರ್ಮಸಭೆಯ ಅಭಿಪ್ರಾಯ ಜನರನ್ನು ತಲುಪುವುದು ಮುಖ್ಯವಾಗಿ ಇದರ ಮೂಲಕ. ಶ್ರೀಸಾಮಾನ್ಯರ ಸಂಘಟನೆಗಳಲ್ಲಿ 1918ರಷ್ಟು ಹಳೆಯದಾದ ಕ್ಯಾಥೊಲಿಕ್ ಕಾಂಗ್ರೆಸ್ ಮಲೆಯಲ್ಲಿ ಪ್ರಬಲ. ಉತ್ತರದಲ್ಲಿ ಕೆಥೊಲಿಕ್ ಸಭಾ ಮಂಗಳೂರು ಪ್ರದೇಶದ ಕಾಸರಗೋಡು ವಾರಾಡೊ, ಅಂದರೆ ವಲಯ ಘಟಕ, ಇದೆ.

ಪ್ರಭಾವದ ಕ್ಷೇತ್ರಗಳು

ಶಿಕ್ಷಣ ಇಂದಿಗೂ ಮೊದಲ ಕ್ಷೇತ್ರ. ಸಂಬಳ ಸರಕಾರದ್ದು, ನೇಮಕಾತಿ ಆಡಳಿತ ಮಂಡಳಿಯದ್ದು ಎಂಬ ಅನುದಾನಿತ ಶಾಲೆಯ ವ್ಯವಸ್ಥೆ ಊರಿನ ಧರ್ಮಕೇಂದ್ರಕ್ಕೆ ಉದ್ಯೋಗ ಕೊಡುವ ಶಕ್ತಿಯನ್ನು ಕೊಟ್ಟಿದೆ. ರಾಜಪುರಂನ ಸೇಂಟ್ ಪಯಸ್ ಟೆಂತ್ ಕಾಲೇಜು 1995ರಲ್ಲಿ ಆರಂಭವಾಯಿತು. ಏಳನೆಯ ತರಗತಿಯ ಸಮಾಜಪಾಠದಲ್ಲಿದ್ದ ಮತವಿಲ್ಲದ ಹುಡುಗನ ಪ್ರಸಂಗದ ವಿರುದ್ಧ 2008ರಲ್ಲಿ ಕೇರಳದಾದ್ಯಂತ ನಡೆದ ಪ್ರತಿಭಟನೆಯಲ್ಲಿ ಧರ್ಮಸಭೆ ಮುಂಚೂಣಿಯಲ್ಲಿತ್ತು. ಪಠ್ಯದಲ್ಲಿ ಏನಿರಬೇಕೆಂಬ ಈ ವಿವಾದವೇ ಆಧಿಪತ್ಯವಾದಿಗಳ ಕಾಳಜಿಗೆ ಅತಿ ಸಮೀಪ ಬರುವ ಪ್ರಸಂಗ. ಆಗಲೂ ಮಂಡಿತವಾದ ವಾದ ತಂದೆತಾಯಿಗಳ ನಂಬಿಕೆಯ ಹಕ್ಕು. ಬೈಬಲ್ ಕಾನೂನಿನ ಮಾತು ಬರಲಿಲ್ಲ.

ಎರಡನೆಯದು ಕೃಷಿ. 2023ರ ಮಾರ್ಚ್‌ನಲ್ಲಿ ಕಣ್ಣೂರು ಜಿಲ್ಲೆಯ ಆಲಕ್ಕೋಡಿನ ರೈತ ಸಮಾವೇಶದಲ್ಲಿ ತಲಶ್ಶೇರಿ ಆರ್ಚ್‌ಬಿಷಪ್ ಜೋಸೆಫ್ ಪಾಂಪ್ಲಾನಿ, ಕೇಂದ್ರ ಸರಕಾರ ರಬ್ಬರಿಗೆ ಕಿಲೋಗೆ 300 ರೂಪಾಯಿ ಬೆಲೆ ನಿಗದಿಪಡಿಸಿದರೆ ಕೇರಳದಲ್ಲಿ ಬಿಜೆಪಿಗೆ ಸಂಸದನಿಲ್ಲದ ಕೊರತೆಯನ್ನು ರೈತರು ನೀಗಿಸುತ್ತಾರೆಂದರು. ಎಡರಂಗ ಮತ್ತು ಕಾಂಗ್ರೆಸ್ ನೇತೃತ್ವದ ಐಕ್ಯರಂಗ ಎರಡೂ ಇದನ್ನು ಟೀಕಿಸಿದವು. ಬೆಳೆಯ ಬೆಲೆಯನ್ನೇ ಮತದ ಷರತ್ತಾಗಿ ಮುಂದಿಟ್ಟ ಈ ಮಾತು ಧರ್ಮಸಭಾ ರಾಜಕೀಯದ ಚೌಕಾಸಿಯ ಗುಣವನ್ನು ಬಯಲಾಗಿ ತೋರಿಸಿತು. ಪಶ್ಚಿಮ ಘಟ್ಟದ ಪರಿಸರಸೂಕ್ಷ್ಮ ವಲಯದ ವಿಚಾರದಲ್ಲಿ ಇಡುಕ್ಕಿ, ವಯನಾಡುಗಳಲ್ಲಿ ಎದ್ದ ಬಿರುಸು ಇಲ್ಲಿರಲಿಲ್ಲ. ಕಸ್ತೂರಿರಂಗನ್ ಸಮಿತಿ ಗುರುತಿಸಿದ ಕೇರಳದ 123 ಗ್ರಾಮಗಳಲ್ಲಿ ಕಾಸರಗೋಡಿನವು ಸೇರಿರಲಿಲ್ಲ.

ಉತ್ತರದಲ್ಲಿ ಬೇಡಿಕೆಗಳ ಬಣ್ಣ ಬೇರೆ. ಅಲ್ಲಿ ಕ್ಯಾಥೊಲಿಕರು ಧಾರ್ಮಿಕ ಅಲ್ಪಸಂಖ್ಯಾತರಾಗಿರುವಂತೆ ಭಾಷಾ ಅಲ್ಪಸಂಖ್ಯಾತರೂ ಹೌದು. ಕನ್ನಡ ಮಾಧ್ಯಮದ ತರಗತಿಗಳು, ಕನ್ನಡ ಬಲ್ಲ ಶಿಕ್ಷಕರ ನೇಮಕ, 2017ರ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಇವು ಧರ್ಮದ ಗೆರೆ ಮೀರಿ ಎಲ್ಲ ಕನ್ನಡಿಗರಿಗೂ ತಾಗಿದ ಪ್ರಶ್ನೆಗಳು.

ಚುನಾವಣೆ

ಕ್ರೈಸ್ತ ಬಲದ ಪಕ್ಷವೆಂದು ಹೆಸರಾದ ಕೇರಳ ಕಾಂಗ್ರೆಸ್ 1964ರಲ್ಲಿ ಕೋಟ್ಟಯಂನಲ್ಲಿ ಹುಟ್ಟಿತು. ಮಲೆಯ ವಲಸಿಗರಲ್ಲಿ ಅದಕ್ಕೆ ಬೆಂಬಲಿಗರಿದ್ದರೂ ಜಿಲ್ಲೆಯಲ್ಲಿ ಅದು ಪ್ರಮುಖ ಶಕ್ತಿಯಾಗಲಿಲ್ಲ. ಕಾರಣ ಕ್ಷೇತ್ರಗಳ ಎಲ್ಲೆಯಲ್ಲೇ ಇದೆ. ಪೂರ್ವ ಏಳೇರಿ, ಪಶ್ಚಿಮ ಏಳೇರಿ ಪಂಚಾಯತುಗಳು ತೃಕ್ಕರಿಪುರ ವಿಧಾನಸಭಾ ಕ್ಷೇತ್ರದಲ್ಲಿವೆ. ಬಳಾಲ್, ಕಳ್ಳಾರ್, ಪಣತ್ತಡಿ ಕಾಞಂಗಾಡ್ ಕ್ಷೇತ್ರದಲ್ಲಿವೆ. ಎರಡರಲ್ಲೂ ಬಯಲು ಮತ್ತು ಕರಾವಳಿಯ ಎಡಪಕ್ಷದ ಮತಗಳು ಮಲೆಯ ಮತಗಳನ್ನು ಮುಳುಗಿಸುತ್ತ ಬಂದಿವೆ. ತೃಕ್ಕರಿಪುರ 1987 ಮತ್ತು 1991ರಲ್ಲಿ ಸಿಪಿಎಂ ನಾಯಕ ಇ. ಕೆ. ನಾಯನಾರ್ ಅವರನ್ನು ಆರಿಸಿದ ಕ್ಷೇತ್ರ. 2021ರಲ್ಲಿ ಐಕ್ಯರಂಗ ಅದನ್ನು ಕೇರಳ ಕಾಂಗ್ರೆಸ್ಸಿನ ಜೋಸೆಫ್ ಬಣಕ್ಕೆ ಬಿಟ್ಟುಕೊಟ್ಟಿತು. ಕೇರಳ ಕಾಂಗ್ರೆಸ್ಸಿನ ಹಿರಿಯ ನಾಯಕರಾಗಿದ್ದ ಕೆ. ಎಂ. ಮಾಣಿ ಅವರ ಅಳಿಯ, ಮಾಜಿ ಐಎಎಸ್ ಅಧಿಕಾರಿ ಎಂ. ಪಿ. ಜೋಸೆಫ್ ಅಲ್ಲಿ ಸಿಪಿಎಂನ ಎಂ. ರಾಜಗೋಪಾಲನ್ ಎದುರು ಸೋತರು. ಮಾಣಿ ಅವರ ಮಗ ಜೋಸ್ ಕೆ. ಮಾಣಿ ಅವರ ಬಣ 2020ರಲ್ಲೇ ಎಡರಂಗಕ್ಕೆ ಹೋಗಿತ್ತು. ‘ಕ್ರೈಸ್ತ ಮತ’ ಒಂದೇ ಕಡೆ ಬೀಳುತ್ತದೆಂಬ ನಂಬಿಕೆಗೆ ಇದೊಂದು ಉತ್ತರ.

ಪ್ರಭಾವ ಸ್ಪಷ್ಟವಾಗಿ ಕಾಣುವುದು ಪಂಚಾಯತು ಮಟ್ಟದಲ್ಲಿ. ಅಲ್ಲಿಯೂ ಒಡಕಿದೆ. ಪೂರ್ವ ಏಳೇರಿಯಲ್ಲಿ ಕಾಂಗ್ರೆಸ್ಸಿನಿಂದ ಸಿಡಿದವರು ಡೆಮಾಕ್ರಾಟಿಕ್ ಡೆವಲಪ್‌ಮೆಂಟ್ ಫ್ರಂಟ್ ಎಂಬ ಸ್ಥಳೀಯ ರಂಗ ಕಟ್ಟಿ 2015ರಲ್ಲಿ ಅಧಿಕಾರ ಹಿಡಿದರು. ಒಂದೇ ಇಗರ್ಜಿಯ ಬಾಂಧವರು ಎರಡೂ ಕಡೆ ನಿಂತಾಗ ಪಾದ್ರಿಯ ಮಾತು ಯಾರಿಗೂ ನಿರ್ಣಾಯಕವಾಗುವುದಿಲ್ಲ.

ಉತ್ತರದ ಮಂಜೇಶ್ವರದಲ್ಲಿ ಪೈಪೋಟಿ ಮುಸ್ಲಿಂ ಲೀಗ್ ಮತ್ತು ಬಿಜೆಪಿಯ ನಡುವೆ. 2016ರಲ್ಲಿ ಲೀಗಿನ ಗೆಲುವಿನ ಅಂತರ 89 ಮತ, 2021ರಲ್ಲಿ 745. ಇಷ್ಟು ಸಣ್ಣ ಅಂತರದಲ್ಲಿ ಕೊಂಕಣಿ ಕ್ಯಾಥೊಲಿಕರ ಕೆಲವೇ ನೂರು ಮತಗಳೂ ಫಲಿತಾಂಶವನ್ನು ತಿರುಗಿಸಬಲ್ಲವು. ಈ ಮತದಾರರ ಮನಸ್ಸಿನಲ್ಲಿ 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಇಗರ್ಜಿಗಳ ಮೇಲೆ ಹಿಂದುತ್ವ ಗುಂಪುಗಳು ನಡೆಸಿದ ದಾಳಿಯ ನೆನಪು ಇದ್ದರೆ ಆಶ್ಚರ್ಯವಿಲ್ಲ.

ಕಾನೂನಿನ ಮಿತಿ

ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 123(3)ನೆಯ ವಿಧಿಯ ಪ್ರಕಾರ ಭ್ರಷ್ಟ ಆಚರಣೆ. ಇದು ಕೇರಳದ ಕ್ರೈಸ್ತ ರಾಜಕಾರಣಿಯೊಬ್ಬರ ಮೇಲೆಯೇ ಪ್ರಯೋಗವಾಗಿದೆ. 2004ರಲ್ಲಿ ಮೂವಾಟ್ಟುಪುಳದಿಂದ ಲೋಕಸಭೆಗೆ ಗೆದ್ದ ಪಿ. ಸಿ. ಥಾಮಸ್ ಅವರ ಪ್ರಚಾರ ಸಾಮಗ್ರಿಯಲ್ಲಿ ಪೋಪ್ ಮತ್ತು ಮದರ್ ತೆರೇಸಾ ಅವರ ಚಿತ್ರ ಬಳಕೆಯಾಗಿತ್ತೆಂಬ ದೂರಿನ ಮೇಲೆ ಹೈಕೋರ್ಟ್ 2006ರಲ್ಲಿ ಆಯ್ಕೆಯನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳ ಪೀಠ, ಅಭ್ಯರ್ಥಿಯ ಧರ್ಮದ ಜೊತೆಗೆ ಮತದಾರನ ಧರ್ಮವನ್ನು ಎತ್ತಿ ಮತ ಯಾಚಿಸುವುದಕ್ಕೂ ಈ ನಿಷೇಧ ಅನ್ವಯಿಸುತ್ತದೆಂದು ಬಹುಮತದಿಂದ ತೀರ್ಪಿತ್ತಿತು.

ಪೆಂತಕೋಸ್ತ್ ಗುಂಪುಗಳು

ಸಿದ್ಧಾಂತದ ದೃಷ್ಟಿಯಿಂದ ಆಧಿಪತ್ಯವಾದಕ್ಕೆ ಹತ್ತಿರದ ನೆಂಟಸ್ತಿಕೆ ಇರುವುದು ಪೆಂತಕೋಸ್ತ್ ಧಾರೆಗೆ. ಆದರೆ ಕೇರಳದ ಪೆಂತಕೋಸ್ತ್ ಪರಂಪರೆ ಬಹುಕಾಲ ಲೋಕದಿಂದ ಬೇರ್ಪಟ್ಟಿರುವುದನ್ನೇ ಬೋಧಿಸಿತು. ರಾಜಕೀಯ, ಆಭರಣ, ಸಿನಿಮಾ ಮೂರೂ ಆ ಲೋಕದ ಪಟ್ಟಿಯಲ್ಲಿದ್ದವು. ಏಳು ಪರ್ವತದ ಬೋಧನೆಗೆ ಇದು ನೇರ ವಿರುದ್ಧ.

ಇಂದಿನ ಸ್ಥಿತಿ

2020ರ ನಂತರ ಕೇರಳದ ಧರ್ಮಸಭಾ ರಾಜಕೀಯದಲ್ಲಿ ಹೊಸ ಬಿರುಕುಗಳು ಕಾಣಿಸಿಕೊಂಡಿವೆ. 2021ರ ಮೇ ತಿಂಗಳಲ್ಲಿ ಹೈಕೋರ್ಟ್ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದಲ್ಲಿ ಮುಸ್ಲಿಮರಿಗೆ 80, ಕ್ರೈಸ್ತರಿಗೆ 20 ಎಂಬ ಅನುಪಾತವನ್ನು ರದ್ದುಮಾಡಿದಾಗ ಕ್ರೈಸ್ತ ಮತ್ತು ಮುಸ್ಲಿಂ ನಾಯಕತ್ವ ಎದುರುಬದುರಾದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಾಲಾ ಬಿಷಪರ ‘ನಾರ್ಕೋಟಿಕ್ ಜಿಹಾದ್’ ಹೇಳಿಕೆ ಬಿರುಕನ್ನು ಅಗಲಗೊಳಿಸಿತು. 2025ರಲ್ಲಿ ಬಿಷಪರ ಮಂಡಳಿ ಕ್ರೈಸ್ತ ಕುಟುಂಬಗಳು ನೆಲೆಸಿರುವ ಭೂಮಿಗೆ ವಕ್ಫ್ ಮಂಡಳಿ ಹಕ್ಕು ಸಾಧಿಸಿದ ಮುನಂಬಂ ವಿವಾದದ ಹಿನ್ನೆಲೆಯಲ್ಲಿ ವಕ್ಫ್ ತಿದ್ದುಪಡಿಗೆ ಬೆಂಬಲ ಕೋರಿತು. ಕಾಸಾ ಎಂಬ ಕಟ್ಟರ್ ನಿಲುವಿನ ಸಂಘಟನೆ ಮುಸ್ಲಿಂ ವಿರೋಧಿ ಪ್ರಚಾರದಿಂದ ಗಮನ ಸೆಳೆದಿದೆ. ಇದು ಸಮುದಾಯಗಳ ನಡುವಿನ ಭಯದ ರಾಜಕೀಯ; ಆಧಿಪತ್ಯವಾದ ಎಂಬ ಹೆಸರು ಇದಕ್ಕೂ ಹೊಂದುವುದಿಲ್ಲ. ಆದರೆ ಮುಸ್ಲಿಮರು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿರುವ ಕಾಸರಗೋಡಿನಲ್ಲಿ ಇಂಥ ಪ್ರಚಾರದ ಅಪಾಯ ಇತರೆಡೆಗಿಂತ ದೊಡ್ಡದು.

ಬಿಜೆಪಿ 2023ರ ಈಸ್ಟರ್ ಹೊತ್ತಿಗೆ ಕ್ರೈಸ್ತ ಮನೆಗಳಿಗೆ ಭೇಟಿ ನೀಡುವ ಅಭಿಯಾನ ನಡೆಸಿತು. ಆದರೆ 2025ರ ಜುಲೈ 25ರಂದು ಬಿಜೆಪಿ ಆಡಳಿತದ ಛತ್ತೀಸ್‌ಗಢದ ದುರ್ಗ್ ರೈಲು ನಿಲ್ದಾಣದಲ್ಲಿ ಕೇರಳ ಮೂಲದ ಇಬ್ಬರು ಸಂನ್ಯಾಸಿನಿಯರ ಬಂಧನವಾದಾಗ ಬಿಷಪರು ಒಕ್ಕೊರಲಿನಿಂದ ಪ್ರತಿಭಟಿಸಿದರು. ಹಿಂದೆ ರಬ್ಬರ್ ಬೆಲೆಯ ಮಾತಾಡಿದ್ದ ಪಾಂಪ್ಲಾನಿ ಅವರೂ ಖಂಡಿಸಿದರು. 2024ರ ಲೋಕಸಭಾ ಚುನಾವಣೆಯಲ್ಲಿ ಕಾಸರಗೋಡಿನಲ್ಲಿ ಕಾಂಗ್ರೆಸ್ಸಿನ ರಾಜಮೋಹನ್ ಉಣ್ಣಿತ್ತಾನ್ ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಎರಡನೆಯ ಬಾರಿ ಗೆದ್ದರು. ಮಲೆಯ ಪಂಚಾಯತುಗಳಲ್ಲಿ ಸದ್ಯ ಧರ್ಮಸಭೆ ಎತ್ತುತ್ತಿರುವ ಮುಖ್ಯ ಬೇಡಿಕೆಗಳು ಕಾಡುಹಂದಿ ಮತ್ತು ಆನೆಗಳ ಹಾವಳಿಗೆ ತಡೆ, ಬೆಳೆನಷ್ಟಕ್ಕೆ ಪರಿಹಾರ, ರಬ್ಬರಿಗೆ ನ್ಯಾಯಬೆಲೆ.